ನಾಲ್ಕು ದಿನ ಮಾತಾಡದ ಕ್ಯಾಪ್ಟನ್

ಪ್ರಶ್ನೆ: ನಾನು ಹಾಸನದ ಕಡೆಯವನು. ಅಮೆರಿಕದ ಒಂದು ವಿಮಾನ ಸಂಸ್ಥೆಯಲ್ಲಿ ಫಸ್ಟ್ ಆಫೀಸರ್. ನಮ್ಮ ಯೂನಿಯನ್ನೂ ಕಂಪನಿಯೂ ವರ್ಷಗಟ್ಟಲೆ ಜಗ್ಗಾಡಿ ಈಗೊಂದು ಕರಡು ಒಪ್ಪಂದಕ್ಕೆ ಬಂದಿವೆ. ಮುಂದಿನ ತಿಂಗಳು ಮತದಾನ. ನಾನು ಒಪ್ಪಿಗೆಯ ಕಡೆ. ಹಾಗೆಂದು ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದೇ ತಡ, ಜೊತೆಯಲ್ಲೇ ತರಬೇತಿ ಮುಗಿಸಿದ ಗೆಳೆಯ ‘ಕಂಪನಿಗೆ ಮಾರಿಕೊಂಡವನು’ ಎಂದು ಎಲ್ಲರೆದುರು ಬರೆದ. ಹೋದ ವಾರ ಹಿರಿಯ ಕ್ಯಾಪ್ಟನ್ ಒಬ್ಬರು ನಾಲ್ಕು ದಿನದ ಟ್ರಿಪ್ಪಿನಲ್ಲಿ ಚೆಕ್‌ಲಿಸ್ಟ್ ಬಿಟ್ಟರೆ ಒಂದು ಮಾತೂ ಆಡಲಿಲ್ಲ. ‘ಬಾಯಿ ಮುಚ್ಕೊಂಡು ಸಂಬಳ ತಗೊಳ್ಳಿ’ ಅನ್ನುತ್ತಾಳೆ ಹೆಂಡತಿ. ಏನು ಮಾಡಲಿ ಮೇಡಂ?
— ಹೆಸರು, ಊರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಗೆಳೆಯನ ಬೈಗುಳವಲ್ಲ, ಆ ಕ್ಯಾಪ್ಟನ್ನರ ಮೌನ. ಮೊದಲು ಅದನ್ನೇ ನೋಡೋಣ.

1972ರ ಜೂನ್ 18, ಲಂಡನ್ನಿನ ಹೀಥ್ರೂ. ಮುಷ್ಕರ ಬೇಕೋ ಬೇಡವೋ ಎಂದು ಬ್ರಿಟನ್ನಿನ ಪೈಲಟ್‌ಗಳಲ್ಲಿ ಎರಡು ಬಣಗಳಾಗಿದ್ದ ಕಾಲ. ಬೇಡವೆನ್ನುತ್ತಿದ್ದ ಕ್ಯಾಪ್ಟನ್ ಸ್ಟ್ಯಾನ್ಲಿ ಕೀ ಅವರನ್ನು ಹಳಿದು ಕಾಕ್‌ಪಿಟ್ಟುಗಳ ಒಳಗೇ ಗೀಚುವಷ್ಟು ಕಹಿ ಬೆಳೆದಿತ್ತು. ಆ ದಿನ ಸಿಬ್ಬಂದಿ ಕೋಣೆಯಲ್ಲಿ ಅವರು ಸಹೋದ್ಯೋಗಿಯೊಬ್ಬರ ಮೇಲೆ ಎಲ್ಲರೆದುರೇ ಹರಿಹಾಯ್ದರು. ಅದನ್ನು ಕಣ್ಣಾರೆ ಕಂಡ 22 ವರ್ಷದ ಹುಡುಗನೇ ಸ್ವಲ್ಪ ಹೊತ್ತಿನ ಮೇಲೆ ಅವರ ಪಕ್ಕದ ಸೀಟಿನಲ್ಲಿ ಕೂತದ್ದು. ಬ್ರಸೆಲ್ಸಿಗೆ ಹೊರಟ ಆ ಟ್ರೈಡೆಂಟ್ ವಿಮಾನ ಮೂರು ನಿಮಿಷದೊಳಗೆ ಸ್ಟೇನ್ಸ್ ಊರಿನ ಬಳಿ ಬಿತ್ತು. 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಜಗಳವೇ ವಿಮಾನ ಬೀಳಿಸಿತು ಎನ್ನುವಂತಿಲ್ಲ. ಕ್ಯಾಪ್ಟನ್ನರ ಹೃದಯ ಕೈಕೊಟ್ಟಿದ್ದನ್ನು ತನಿಖೆ ಎತ್ತಿ ಹೇಳಿತು. ರೆಕ್ಕೆಯ ಅಂಚನ್ನು ಒಳಗೆಳೆಯುವ ಲಿವರನ್ನು ವೇಗ ಸಾಲದಿರುವಾಗಲೇ ಸರಿಸಲಾಗಿತ್ತು. ಕಾಕ್‌ಪಿಟ್ಟಿನ ಮಾತು ದಾಖಲಿಸುವ ಸಾಧನ ಆ ವಿಮಾನದಲ್ಲಿರಲಿಲ್ಲ. ಆದ್ದರಿಂದ ಆ ಹುಡುಗ ಏನು ಕಂಡ, ಏನು ಹೇಳಲು ಹಿಂಜರಿದ ಎಂಬುದು ಅವನ ಜೊತೆಗೇ ಹೋಯಿತು. ಆದರೆ ಅಂಥ ಸಿಟ್ಟು ಕಂಡ ಕಿರಿಯನಿಗೆ ‘ಸರ್, ಇದು ತಪ್ಪು’ ಅನ್ನುವುದು ಸುಲಭವೆಂದು ನನಗೆ ಯಾರೂ ಹೇಳಬೇಡಿ.

ಮನೆಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಒಪ್ಪಂದದ ಬಗ್ಗೆ ಕಾಕ್‌ಪಿಟ್ಟಿನಲ್ಲಿ ಚರ್ಚೆ ಬೇಡ. ಬಾಯಿ ಮುಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಮುಂದಿನ ಸಲ ಇಂಥವರು ಸಿಕ್ಕರೆ ಹೊರಡುವ ಮುನ್ನ ಬ್ರೀಫಿಂಗಿನಲ್ಲೇ ಹೇಳಿಬಿಡಿ: ‘ನಮ್ಮಿಬ್ಬರ ಮತ ಬೇರೆ ಇರಬಹುದು ಕ್ಯಾಪ್ಟನ್. ಏನಾದರೂ ಸರಿಯಿಲ್ಲ ಅನ್ನಿಸಿದರೆ ನಾನು ಹೇಳ್ತೀನಿ, ನೀವೂ ಹೇಳಿ.’ ಆಮೇಲೂ ಬಾಯಿ ಬಿಚ್ಚದಿದ್ದರೆ ನಿಮ್ಮ ಯೂನಿಯನ್ನಿನ ಪ್ರೊಫೆಷನಲ್ ಸ್ಟ್ಯಾಂಡರ್ಡ್ಸ್ ಸಮಿತಿಗೆ ಫೋನ್ ಮಾಡಿ. ಅಲ್ಲಿರುವವರು ಪೈಲಟ್‌ಗಳೇ, ಕಂಪನಿಯ ಕಿವಿಗೆ ಹಾಕದೆ ಇಬ್ಬರ ಹತ್ತಿರವೂ ಮಾತಾಡುತ್ತಾರೆ. ಅದನ್ನು ಚಾಡಿ ಎಂದು ತಿಳಿಯಬೇಡಿ.

ಇನ್ನು ಈ ಸಿಟ್ಟು ಎಲ್ಲಿಂದ ಬಂತು? ಸಂಧಾನ ಇಷ್ಟು ಎಳೆಯುವುದಕ್ಕೆ ನಿಮ್ಮಲ್ಲಿನ ಕಾನೂನೂ ಒಂದು ಕಾರಣ. ರೈಲ್ವೆಗೆಂದು 1926ರಲ್ಲಿ ಮಾಡಿದ ಕಾಯ್ದೆಯನ್ನು 1936ರಲ್ಲಿ ವಿಮಾನಗಳಿಗೂ ಹಚ್ಚಿದರು. ಹೊಸ ಒಪ್ಪಂದ ಆಗುವ ತನಕ ಹಳೆಯದೇ ನಡೆಯಬೇಕು. ಮಧ್ಯಸ್ಥಿಕೆ ಮಂಡಳಿ ಕೈಬಿಟ್ಟು, ಮೇಲೆ 30 ದಿನ ಕಳೆಯದೆ ಮುಷ್ಕರ ಹೂಡುವಂತಿಲ್ಲ. ಕಂಪನಿಯ ಮೇಲಿನ ಸಿಟ್ಟಿಗೆ ದಾರಿಯಿಲ್ಲದಾಗ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಈ ಸಲ ಕೊತ್ತಿ ನೀವು.

ಇನ್ನೊಂದು ಕಾರಣ ಸೀನಿಯಾರಿಟಿ. ಯಾವ ವಿಮಾನ, ಯಾವ ಬೇಸ್, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲವನ್ನೂ ಆ ಒಂದು ನಂಬರೇ ತೀರ್ಮಾನಿಸುತ್ತದೆ. ಬೇರೆ ಕಂಪನಿಗೆ ಹೋದರೆ ಅದು ಜೊತೆಗೆ ಬರುವುದಿಲ್ಲ, ಮತ್ತೆ ಕೊನೆಯಿಂದ ಶುರು. ಆದ್ದರಿಂದ ಒಂದೇ ಕರಡು ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ. 65ಕ್ಕೆ ನಿವೃತ್ತರಾಗಬೇಕಾದ ಕ್ಯಾಪ್ಟನ್ ಮೊದಲು ತೆರೆಯುವುದು ನಿವೃತ್ತಿ ನಿಧಿಯ ಪುಟ. ನಿಮ್ಮ ಗೆಳೆಯ ಬೇರೆ ಊರಿಂದ ಡ್ಯೂಟಿಗೆ ಹಾರಿ ಬರುವವನಾದರೆ ಸಂಬಳಕ್ಕಿಂತ ವೇಳಾಪಟ್ಟಿಯ ಕಲಮೇ ಅವನಿಗೆ ಮುಖ್ಯ. ನಿಮಗೆ ಗೃಹಸಾಲ ಇರಬಹುದು, ಇಂದಿನ ಏರಿಕೆ ಇಂದೇ ಬೇಕು. ಯಾರೂ ಮಾರಿಕೊಂಡಿಲ್ಲ, ಯಾರೂ ಮೂರ್ಖರಲ್ಲ.

‘ಬೇಡ’ ಎನ್ನುವವರನ್ನು ಹಟಮಾರಿಗಳೆಂದು ನೀವೂ ಮನಸ್ಸಿನಲ್ಲೇ ಅಂದುಕೊಂಡಿರಬಹುದು. ಯುನೈಟೆಡ್ ಏರ್‌ಲೈನ್ಸ್ ಪೈಲಟ್‌ಗಳು 2022ರಲ್ಲಿ ಒಂದು ಕರಡನ್ನು ಶೇ. 94ರಷ್ಟು ಮತಗಳಿಂದ ತಿರಸ್ಕರಿಸಿದರು. ಮರುವರ್ಷ ಬಂದ ಇನ್ನೊಂದು ಒಪ್ಪಂದಕ್ಕೆ ಶೇ. 97ರಷ್ಟು ಜನ ಹೂಂ ಎಂದರು. ಅದೇ ಜನ, ಸುಮಾರು ಹನ್ನೊಂದು ತಿಂಗಳ ಅಂತರ. ಹಾಗೆಂದು ನೀವು ಮತ ಬದಲಿಸಬೇಕಿಲ್ಲ. ನಿಮ್ಮ ಲೆಕ್ಕ ನಿಮ್ಮದು; ಯೂನಿಯನ್ ಸಭೆಯಲ್ಲಿ ಎದ್ದು ನಿಂತು ಅಂಕಿಅಂಶದ ಸಮೇತ ಹೇಳಿ. ವಾಟ್ಸಾಪನ್ನು ಮತದಾನ ಮುಗಿಯುವ ತನಕ ಮ್ಯೂಟ್ ಮಾಡಿ, ಗುಂಪು ಬಿಡಬೇಡಿ. ಬಿಟ್ಟರೆ ಅದೂ ಒಂದು ಹೇಳಿಕೆಯಾಗುತ್ತದೆ.

ಗೆಳೆಯನಿಗೆ ಮೆಸೇಜು ಬೇಡ, ಫೋನ್ ಮಾಡಿ. ಯಾವ ಕಲಮು ಅವನಿಗೆ ಚುಚ್ಚುತ್ತಿದೆ ಎಂದು ಕೇಳಿ, ಒಪ್ಪಿಸಲು ಹೋಗಬೇಡಿ. ‘ಮಾರಿಕೊಂಡವನು’ ಅಂದದ್ದು ನೋವಾಯಿತು ಎಂದೂ ಹೇಳಿ. ಗುಂಪಿನಲ್ಲಿ ಬರೆದದ್ದನ್ನು ಗುಂಪಿನಲ್ಲೇ ವಾಪಸ್ ತಗೋ ಎಂದು ಕೇಳುವ ಹಕ್ಕು ನಿಮಗಿದೆ. ಅವನು ಒಪ್ಪದಿದ್ದರೆ ಎಳೆದಾಡದೆ ಸುಮ್ಮನಾಗಿ, ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ ಕರೆ ಮಾಡಿ. ಗೆದ್ದದ್ದು ನಿಮ್ಮ ಪಕ್ಷವಾದರೆ ಮಾತ್ರ ಆ ಕರೆಯನ್ನು ಒಂದು ವಾರ ಮುಂದೆ ಹಾಕಿ.