ವಾರದ ಸುದ್ದಿ ಮತ್ತು ನಮ್ಮ ಹೊಣೆ

ನಿನ್ನೆ ನಿಮ್ಮ ಮೊಬೈಲಿಗೆ ಎಷ್ಟು ಸಂದೇಶಗಳು ಬಂದವು? ಅವುಗಳಲ್ಲಿ ಎಷ್ಟನ್ನು ನೀವು ಪೂರ್ತಿಯಾಗಿ ಓದಿದಿರಿ? ಎಷ್ಟನ್ನು ಓದದೆಯೇ ಇತರರಿಗೆ ಕಳುಹಿಸಿದಿರಿ? ಮೂರನೆಯ ಪ್ರಶ್ನೆಗೆ ಉತ್ತರಿಸುವಾಗ ನಮ್ಮಲ್ಲಿ ಹೆಚ್ಚಿನವರು ತಲೆ ತಗ್ಗಿಸಬೇಕಾಗುತ್ತದೆ. ನಾನಂತೂ ತಗ್ಗಿಸಬೇಕಾದವನೇ.

2022ರಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಉತ್ತಮ ಅಂಕ ಗಳಿಸಿದ ಬಡ ಮಕ್ಕಳಿಗೆ ದೊಡ್ಡ ಮೊತ್ತದ ವಿದ್ಯಾರ್ಥಿ ವೇತನ, ಇನ್ನು ಮೂರೇ ದಿನ ಬಾಕಿ, ಕೆಳಗಿನ ಲಿಂಕಿನಲ್ಲಿ ಹೆಸರು ನೋಂದಾಯಿಸಿ, ಪುಣ್ಯದ ಕೆಲಸ, ಹತ್ತು ಮಂದಿಗೆ ತಲುಪಿಸಿ ಎಂದಿತ್ತು. ನಾನು ತಲುಪಿಸಿದೆ. ಮಗ್ರಿಬ್ ನಮಾಝಿಗೆ ಹೊರಡುವ ಅವಸರದಲ್ಲಿ ಬೆರಳು ಎರಡು ಸಲ ಒತ್ತಿದ್ದಷ್ಟೇ ನನ್ನ ಶ್ರಮ. ಹಾಗೆ ತಲುಪಿದವರಲ್ಲಿ ನಮ್ಮ ಸಂಬಂಧದ ಒಬ್ಬ ವಿಧವೆ ಸಹೋದರಿಯೂ ಇದ್ದರು. ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದವರು. ತಾಯಿ ಮಗಳು ಸೇರಿ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವನ್ನೂ ತುಂಬಿದರು. ಮರುದಿನ ಒಬ್ಬ ಫೋನ್ ಮಾಡಿ, ಹಣ ಜಮೆಯಾಗಬೇಕಾದರೆ ಮೊಬೈಲಿಗೆ ಬಂದ ಒಟಿಪಿ ಹೇಳಬೇಕೆಂದ. ಹೇಳಿದರು. ಪಿಯುಸಿ ಸೇರಿಸಲೆಂದು ಕೂಡಿಟ್ಟಿದ್ದ ಹಣ ಹತ್ತು ನಿಮಿಷದಲ್ಲಿ ಖಾಲಿಯಾಯಿತು.

ಆ ಸಹೋದರಿ ನನ್ನನ್ನು ಬೈಯಲಿಲ್ಲ. "ನೀವು ಕಳುಹಿಸಿದ್ದಲ್ವಾ ಭಾಯಿ, ಸರಿ ಇರಬಹುದು ಅಂದುಕೊಂಡೆ" ಎಂದರು, ಅಷ್ಟೇ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆಲೋಚಿಸಿ ನೋಡಿ. ಆಕೆ ನಂಬಿದ್ದು ಆ ವಂಚಕನನ್ನಲ್ಲ. ಅವನು ಯಾರೆಂದೇ ಆಕೆಗೆ ತಿಳಿಯದು. ಆಕೆ ನಂಬಿದ್ದು ನನ್ನನ್ನು. ವಂಚಕನಿಗೆ ಇಲ್ಲದ ವಿಶ್ವಾಸಾರ್ಹತೆಯನ್ನು ನಾನು ನನ್ನ ಹೆಸರಿನ ಮೂಲಕ ಅವನಿಗೆ ಎರವಲು ಕೊಟ್ಟಿದ್ದೆ.

ಸೂರಃ ಅಲ್ ಹುಜುರಾತ್‌ನ ಆರನೆಯ ಸೂಕ್ತವನ್ನು ನಾವು ಎಷ್ಟು ಸಲ ಪಾರಾಯಣ ಮಾಡಿದ್ದೇವೆ! ನೆಚ್ಚಲಾಗದವನು ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೆಯೇ ಒಂದು ಜನರಿಗೆ ಹಾನಿ ಮಾಡಿ ಅನಂತರ ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಅದರ ತಾತ್ಪರ್ಯ. ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಬನೂ ಮುಸ್ತಲಿಕ್ ಗೋತ್ರದ ಘಟನೆಯನ್ನು ಉಲ್ಲೇಖಿಸುತ್ತಾರೆ. ಆ ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದರೆಂಬ ವರದಿ ಮದೀನಾಕ್ಕೆ ಬಂತು. ಪರಿಶೀಲಿಸಿದಾಗ ಅದು ನಿಜವಲ್ಲವೆಂದು ತಿಳಿಯಿತು. ವರದಿಯನ್ನು ನಂಬಿ ಮುನ್ನುಗ್ಗಿದ್ದರೆ ನಿರಪರಾಧಿಗಳ ರಕ್ತ ಹರಿಯುತ್ತಿತ್ತು.

ನಿರಪರಾಧಿಗಳ ರಕ್ತ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ನಮ್ಮದೇ ರಾಜ್ಯದಲ್ಲಿ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಅದು ಹರಿಯಿತು. ಹೈದರಾಬಾದಿನಿಂದ ಸ್ನೇಹಿತರೊಂದಿಗೆ ಕಾರಿನಲ್ಲಿ ಬಂದಿದ್ದ ಒಬ್ಬ ಯುವ ಇಂಜಿನಿಯರನ್ನು ಜನರು ಹೊಡೆದು ಕೊಂದರು. ಮಾಡಿದ ಅಪರಾಧವೇನು? ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗುಲ್ಲು ಆ ದಿನಗಳಲ್ಲಿ ದೇಶದ ಹಲವೆಡೆ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಅವರ ಕಾರಿಗಿಂತ ವೇಗವಾಗಿ ಸಂದೇಶ ಮುಂದಿನ ಊರು ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಜನರು ಕಾದು ನಿಂತಿದ್ದರು. ರಕ್ಷಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. ಆದರೆ ಐದು ಜನರು ತಲಾ ಐವರಿಗೆ ಕಳುಹಿಸಿದರೆ ಇಪ್ಪತ್ತೈದು, ಅವರು ಮತ್ತೆ ಕಳುಹಿಸಿದರೆ ನೂರಿಪ್ಪತ್ತೈದು. ಕಂಪೆನಿಯ ಮಿತಿ ಎಲ್ಲಿಯವರೆಗೆ ತಡೆದೀತು? ತಡೆಯಬೇಕಾದುದು ನಮ್ಮ ಬೆರಳು.

ಇಷ್ಟು ಹೇಳಿದರೆ ಕೆಲವರು, "ಹಾಗಾದರೆ ಈ ಮೊಬೈಲಿನ ಸುದ್ದಿಗಳ ಸಹವಾಸವೇ ಬೇಡ" ಎನ್ನುತ್ತಾರೆ. ಅವರ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಆದರೆ ಪರಿಹಾರವಿಲ್ಲ. ಸುಳ್ಳು ಸುದ್ದಿಯನ್ನು ಹರಡುವುದರಿಂದ ಹೇಗೆ ಹಾನಿಯಾಗುತ್ತದೋ ಹಾಗೆಯೇ ಸತ್ಯ ಸುದ್ದಿಯನ್ನು ಅಲಕ್ಷಿಸುವುದರಿಂದಲೂ ಹಾನಿಯಾಗುತ್ತದೆ. ಇದಕ್ಕೆ 2017ರ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಆ ವರ್ಷ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್‌ನಲ್ಲಿದ್ದ ಒಂದು ರಂಧ್ರವನ್ನು ಮುಚ್ಚುವ ತೇಪೆಯನ್ನು ಬಿಡುಗಡೆ ಮಾಡಿತು. ಒಂದು ಕಂಪ್ಯೂಟರಿನ ಕಡತಗಳನ್ನು ಇನ್ನೊಂದರೊಂದಿಗೆ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಆ ರಂಧ್ರವಿತ್ತು. ಇದು ಗುಟ್ಟಿನ ವಿಷಯವಾಗಿರಲಿಲ್ಲ. ಯಾರು ಬೇಕಾದರೂ ಓದಬಹುದಾದ ಪ್ರಕಟಣೆಯಾಗಿತ್ತು. ಖರ್ಚೂ ಇರಲಿಲ್ಲ. ಆದರೂ ಲಕ್ಷಾಂತರ ಕಂಪ್ಯೂಟರುಗಳಲ್ಲಿ ಆ ತೇಪೆಯನ್ನು ಹಾಕಲಿಲ್ಲ. "ನಾಳೆ ನೋಡೋಣ" ಎಂಬ ರೋಗ ನಮ್ಮ ಊರಿಗೆ ಮಾತ್ರ ಸೀಮಿತವಲ್ಲ ನೋಡಿ. ಮೇ 12ರಂದು ವಾನಾಕ್ರೈ ಎಂಬ ಹೆಸರಿನ ಹಾನಿಕಾರಕ ಪ್ರೋಗ್ರಾಂ ಅದೇ ರಂಧ್ರದ ಮೂಲಕ ನುಗ್ಗಿತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಬೇಕಾದರೆ ಹಣ ಕೊಡಿ ಎಂದು ಪರದೆಯ ಮೇಲೆ ಬರೆಯಿತು. ಕೆಲವೇ ದಿನಗಳಲ್ಲಿ 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಹರಡಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳು ರದ್ದಾದವೆಂದು ಅಂದಾಜು ಮಾಡಲಾಯಿತು. ಆ್ಯಂಬುಲೆನ್ಸ್‌ಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು.

ಮಾರ್ಚ್ 14ರಿಂದ ಮೇ 12ರವರೆಗೆ ಎಂಟು ವಾರಗಳು. ವಾರಕ್ಕೊಮ್ಮೆ ಆ ವಾರದ ಸುದ್ದಿಯನ್ನು ಓದುವ ಅಭ್ಯಾಸವಿದ್ದವನಿಗೆ ಎಂಟು ಅವಕಾಶಗಳು ಇದ್ದವು.

ನಿಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್ ಇದೆಯೇ? ಅದರಲ್ಲಿರುವುದು ವಿಂಡೋಸ್ 10 ಆಗಿದ್ದರೆ, ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿದೆ ಎಂಬುದು ನಿಮಗೆ ಗೊತ್ತಿರಬೇಕು. ಗ್ರಾಹಕರ ಸಾಲದ ಪುಸ್ತಕ, ಪಾಲುದಾರರ ಲೆಕ್ಕ, ಕೆಲವೊಮ್ಮೆ ಮಸೀದಿಯ ವಂತಿಗೆಯ ಪಟ್ಟಿಯೂ ಅದರಲ್ಲೇ ಇರುತ್ತದೆ. ಇವೆಲ್ಲ ನಿಮ್ಮಲ್ಲಿ ಇರಿಸಲಾದ ಅಮಾನತ್ತುಗಳು. ಅಮಾನತ್ತಿನ ಪೆಟ್ಟಿಗೆಗೆ ಬೀಗವಿಲ್ಲದಿದ್ದರೆ ಕದ್ದವನು ಮಾತ್ರ ತಪ್ಪಿತಸ್ಥನೇ? ಮೊಬೈಲಿನಲ್ಲಿ 'ಅಪ್‌ಡೇಟ್ ಮಾಡಿ' ಎಂದು ಸೆಟ್ಟಿಂಗ್ಸ್‌ನಲ್ಲಿ ಕಾಣಿಸುವಾಗ ವಾರಗಟ್ಟಲೆ ಮುಂದೂಡುವವರಿಗೂ ಇದು ಅನ್ವಯ.

ಇನ್ನು ನಮ್ಮ ಮನೆಗಳಿಗೇ ನೇರವಾಗಿ ಬರುವ ಅಪಾಯಗಳ ವಿಷಯ. ಅವುಗಳ ವೇಷ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ; ಆದ್ದರಿಂದಲೇ ಒಮ್ಮೆ ತಿಳಿದುಕೊಂಡು ಸುಮ್ಮನಿರಲು ಆಗುವುದಿಲ್ಲ. ಹಿಂದೆ ಬ್ಯಾಂಕಿನ ಮ್ಯಾನೇಜರ್ ಎಂದು ಹೇಳಿಕೊಂಡು ಕರೆ ಮಾಡುತ್ತಿದ್ದರು. ಈಗ ಮದುವೆಯ ಆಮಂತ್ರಣವೆಂದು ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಚಿತ್ರವಲ್ಲ, ನಿಮ್ಮ ಫೋನಿನೊಳಗೆ ಕೂರಲಿರುವ ಒಂದು ಆ್ಯಪ್. ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟು ಅದನ್ನು ಸ್ಥಾಪಿಸಿದರೆ ನಿಮಗೆ ಬರುವ ಒಟಿಪಿಯನ್ನು ಅದೇ ಓದಿಕೊಳ್ಳಬಹುದು. ನಮ್ಮಲ್ಲಿ ಮದುವೆಯ ಕರೆಯನ್ನು ತೆರೆಯದೆ ಇರುವವರು ಯಾರಿದ್ದಾರೆ! ಹಾಗೆಯೇ ಯುಪಿಐ. ಹಣ ಕೊಡುವಾಗ ಮಾತ್ರ ಗುಪ್ತಸಂಖ್ಯೆ ಬೇಕು, ಪಡೆಯುವಾಗ ಬೇಡ. ಇಷ್ಟು ಸಣ್ಣ ಸಂಗತಿಯನ್ನು ಅರಿಯದೆ ಹಳೆಯ ಮಂಚ ಮಾರಲು ಹೋಗಿ ಹಣ ಕಳಕೊಂಡವರನ್ನು ನಾನು ಬಲ್ಲೆ.

ಇವೆಲ್ಲಕ್ಕಿಂತ ಕ್ರೂರವಾದುದು 'ಡಿಜಿಟಲ್ ಅರೆಸ್ಟ್' ಎಂಬ ಮೋಸ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದೋ, ನಿಮ್ಮ ಸಿಮ್ ದೇಶದ್ರೋಹದ ಪ್ರಕರಣದಲ್ಲಿ ಬಳಕೆಯಾಗಿದೆ ಎಂದೋ ಒಬ್ಬ ಸಮವಸ್ತ್ರಧಾರಿ ವೀಡಿಯೋ ಕರೆಯಲ್ಲಿ ಬೆದರಿಸುತ್ತಾನೆ. ಫೋನ್ ಇಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ, ಕೋಣೆ ಬಿಟ್ಟು ಹೊರಹೋಗುವಂತಿಲ್ಲ. ಗಂಟೆಗಟ್ಟಲೆ, ಕೆಲವರನ್ನು ದಿನಗಟ್ಟಲೆ, ಹೀಗೆ ಕೂರಿಸಿ ಹಣ ವರ್ಗಾಯಿಸಿಕೊಳ್ಳುತ್ತಾರೆ. ಭಾರತದ ಕಾನೂನಿನಲ್ಲಿ ವೀಡಿಯೋ ಕರೆಯ ಮೂಲಕ ಬಂಧಿಸುವ ಪದ್ಧತಿಯೇ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಸ್ಪಷ್ಟಪಡಿಸಿದರು. ಆದರೆ ಪೊಲೀಸ್ ಎಂಬ ಹೆಸರು ಕೇಳಿದೊಡನೆ ನಮ್ಮ ಮನೆಗಳಲ್ಲಿ ಹುಟ್ಟುವ ಭಯ ಬೇರೆಯೇ ತೆರನಾದುದು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಂಚಕನಿಗೆ ಬೇಕಾಗಿರುವುದು ಆ ಭಯವೇ. ಗಂಡ ಕೊಲ್ಲಿಯಲ್ಲಿದ್ದು, ಮನೆಯಲ್ಲಿ ತಾಯಿ ಮತ್ತು ಸಣ್ಣ ಮಕ್ಕಳಷ್ಟೇ ಇರುವಾಗ ಇಂತಹ ಕರೆ ಬಂದರೆ ಏನಾದೀತು? ಆ ಮನೆಯವರಿಗೆ ಈ ಒಂದು ಸುದ್ದಿ ಮೊದಲೇ ತಲುಪಿದ್ದರೆ ಸಾಕು, ಕರೆ ಕತ್ತರಿಸುವ ಧೈರ್ಯ ಬರುತ್ತದೆ.

ಹಣ ಹೋದರೆ ಏನು ಮಾಡಬೇಕು? ಕೂಡಲೇ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುತ್ತಲೇ ಇರುತ್ತಾರೆ. ಅದು ಬ್ಯಾಂಕುಗಳ ಒಳಗೆ ಇರುವವರೆಗೆ ತಡೆಹಿಡಿಯುವ ಅವಕಾಶವಿದೆ. ನಗದಾಗಿ ಹೊರಬಿದ್ದ ಮೇಲೆ ಬಹಳ ಕಷ್ಟ. ಆ ಸಹೋದರಿ ದೂರು ಕೊಟ್ಟದ್ದು ನಾಲ್ಕನೆಯ ದಿನ. ಮೂರು ದಿನ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. "ಇಷ್ಟೂ ಗೊತ್ತಾಗಲಿಲ್ಲವೇ" ಎಂದು ನಾವು ಹಂಗಿಸುತ್ತೇವೆಂಬ ಅಂಜಿಕೆ. ಓದುಗರೇ, ಮೋಸ ಹೋದವರನ್ನು ಹಂಗಿಸುವ ನಾಲಗೆಯೂ ಆ ಮೂರು ದಿನಗಳ ನಷ್ಟದಲ್ಲಿ ಪಾಲುದಾರನಲ್ಲವೇ? ಮನೆಯ ಹೆಂಗಸರಿಗೆ, ಮಕ್ಕಳಿಗೆ, ವೃದ್ಧರಿಗೆ ಮೊದಲು ಕೊಡಬೇಕಾದ ಭರವಸೆ ಇದು: ತಪ್ಪಾದರೆ ಆ ಕ್ಷಣವೇ ಹೇಳು, ಯಾರೂ ಬೈಯುವುದಿಲ್ಲ.

ಆ ಸುಳ್ಳಿನಿಂದ ಎರಡನೆಯ ನಷ್ಟವೊಂದಾಯಿತು. ಅದು ನನಗೆ ತಡವಾಗಿ ತಿಳಿಯಿತು. ಅದೇ ವರ್ಷ ಕೇಂದ್ರ ಸರಕಾರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನಕ್ಕೆ ಅರ್ಜಿ ಕರೆದಿದ್ದರು. ನಿಜವಾದ ಅರ್ಜಿ. ಮಗಳು ಅರ್ಹಳಾಗಿದ್ದಳು. ಕಾಲೇಜಿನವರು ತಿಳಿಸಿದಾಗ ತಾಯಿ, "ಬೇಡಮ್ಮಾ, ಇನ್ನು ಯಾವ ಅರ್ಜಿಯೂ ಬೇಡ" ಎಂದು ಬಿಟ್ಟರು. ಸುಳ್ಳು ಸುದ್ದಿಗೆ ಮೈಸುಟ್ಟುಕೊಂಡವರು ಸತ್ಯ ಸುದ್ದಿಗೂ ಬಾಗಿಲು ಮುಚ್ಚಿದರು.

ಶಿಕ್ಷಣದ ಸುದ್ದಿಗಳನ್ನು ಹಿಂಬಾಲಿಸುವುದು ಎಷ್ಟು ಅಗತ್ಯವೆಂಬುದಕ್ಕೆ ಆ 2022ರ ವರ್ಷವೇ ಸಾಕ್ಷಿ. ನವೆಂಬರ್ ಕೊನೆಯಲ್ಲಿ, ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವೇತನವಿಲ್ಲ, ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಮಾತ್ರ ಎಂದು ಕೇಂದ್ರ ಸರಕಾರ ಪ್ರಕಟಿಸಿತು. ಡಿಸೆಂಬರಿನಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಿದ ವಿಷಯ ಲೋಕಸಭೆಯಲ್ಲಿ ಹೊರಬಿತ್ತು. ಇವುಗಳ ಸರಿ ತಪ್ಪುಗಳ ಚರ್ಚೆ ಬೇರೆ. ಆದರೆ ಸುದ್ದಿ ತಿಳಿಯದ ಹೆತ್ತವರು ಆಮೇಲೂ ಸೈಬರ್ ಸೆಂಟರಿನ ಸರತಿಯಲ್ಲಿ ನಿಂತು ಆದಾಯ ಪ್ರಮಾಣ ಪತ್ರದ ಪ್ರತಿಗಳಿಗೆ ಹಣ ಕೊಡುತ್ತಲೇ ಇದ್ದರು. 2024-25ರಿಂದ ಅದೇ ಪೋರ್ಟಲಿನಲ್ಲಿ ಒಂದೇ ಬಾರಿಯ ನೋಂದಣಿ ಎಂಬ ಹೊಸ ಕ್ರಮ ಬಂತು. ಕಾಲೇಜು ಸೇರಿಸುವಾಗಲೂ ಅಷ್ಟೇ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಹಲವು ವರ್ಷಗಳ ಪಟ್ಟಿಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ಒಂದು ಸಂಸ್ಥೆಯೂ ಇತ್ತು. ಮೂರು ವರ್ಷ ಶುಲ್ಕ ಕಟ್ಟಿದ ಮೇಲೆ ಆ ಪಟ್ಟಿಯನ್ನು ನೋಡಿ ಏನು ಫಲ?

ದಿನವಿಡೀ ಸುದ್ದಿಯ ಹಿಂದೆ ಓಡಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಓಡುವವರಿಗೆ ನಮಾಝಿನಲ್ಲೂ ಮನಸ್ಸು ನಿಲ್ಲದು, ಮಕ್ಕಳೊಂದಿಗೂ ನಿಲ್ಲದು. ವಾರಕ್ಕೆ ಅರ್ಧ ಗಂಟೆ ಸಾಕು. ನಮ್ಮ ಮನೆಯಲ್ಲಿ ಅದು ಆದಿತ್ಯವಾರ ಇಶಾ ನಮಾಝಿನ ಬಳಿಕ. ಪತ್ರಿಕೆಯ ಶಿಕ್ಷಣ ಪುಟದಿಂದ ಒಬ್ಬರು ಓದುತ್ತಾರೆ. ಆ ವಾರ ಫೋನಿಗೆ ಬಂದ ಸಂಶಯದ ಸಂದೇಶಗಳನ್ನು ಪ್ರತಿಯೊಬ್ಬರೂ ತೋರಿಸುತ್ತಾರೆ. ಹೇಳಿದವರು ಯಾರು, ಯಾವ ದಿನಾಂಕದ್ದು, ಮೂಲ ಎಲ್ಲಿದೆ ಎಂದು ಹುಡುಕುವುದು ಮಕ್ಕಳ ಕೆಲಸ. ವಿದ್ಯಾರ್ಥಿವೇತನದ್ದಾದರೆ ಸರಕಾರಿ ಪೋರ್ಟಲಿನಲ್ಲಿ ಇರಬೇಕು, ಸಿಇಟಿಯದ್ದಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲಿ ಇರಬೇಕು, ಕಂಪ್ಯೂಟರ್ ಸುರಕ್ಷತೆಯದ್ದಾದರೆ 2004ರಿಂದ ಕೆಲಸ ಮಾಡುತ್ತಿರುವ ಸರಕಾರದ ಸರ್ಟ್-ಇನ್ ಸಂಸ್ಥೆ ಎಚ್ಚರಿಕೆ ಕೊಟ್ಟಿರುತ್ತದೆ. ಮೂಲದಲ್ಲಿ ಇಲ್ಲದ್ದು ಗುಂಪಿಗೆ ಹೋಗುವುದಿಲ್ಲ. ಅಜ್ಜಿ ಮೊದಮೊದಲು ಇದೆಲ್ಲ ತನಗೇಕೆ ಎನ್ನುತ್ತಿದ್ದರು. ಈಗ ಅತಿ ಹೆಚ್ಚು ಸುಳ್ಳು ಸಂದೇಶಗಳನ್ನು ಹಿಡಿದು ತರುವವರು ಅವರೇ, ಏಕೆಂದರೆ ಅವರಿಗೇ ಅವು ಹೆಚ್ಚು ಬರುತ್ತವೆ.

ಆ ಸಹೋದರಿಯ ಹಣ ಮರಳಿ ಸಿಗಲಿಲ್ಲ. ಮಗಳ ಪಿಯುಸಿಯ ಎರಡು ವರ್ಷಗಳ ಶುಲ್ಕವನ್ನು ನಾನು ಕಟ್ಟಿದೆ. ಅದು ದಾನವಲ್ಲ, ನನ್ನ ಮೇಲಿದ್ದ ಸಾಲ. ಪದವಿಗೆ ಸೇರಿದ ವರ್ಷ ಅವಳೇ ಅರ್ಜಿಯೊಂದನ್ನು ತುಂಬಿ ತಾಯಿಯನ್ನು ಕರಕೊಂಡು ನಮ್ಮ ಮನೆಗೆ ಬಂದಳು. ಪೋರ್ಟಲಿನ ವಿಳಾಸವನ್ನು ನಾವು ಮೂವರೂ ಅಕ್ಷರ ಅಕ್ಷರವಾಗಿ ಓದಿ ನೋಡಿದ ಮೇಲೆಯೇ ಆ ತಾಯಿ "ಹಾಕು" ಎಂದರು.