ಹನ್ನೊಂದು ಕಂಬಗಳಿಗಾಗಿ ಒಂದು ಬೀದಿ ನಾಟಕ

ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲಿಗೆ ಹೋಗುವ ರಸ್ತೆಯಲ್ಲಿ ದೀಪವಿಲ್ಲ. ಸಂಜೆ ಏಳರ ಬಸ್ಸಿಳಿದ ಹುಡುಗಿಯರು ಫೋನನ್ನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲದಿದ್ದರೂ ‘ಹಾಂ ಅಪ್ಪಾ, ಬಂದೆ, ಇಲ್ಲೇ ಇದೀನಿ’ ಎನ್ನುತ್ತ ಬಿರಬಿರನೆ ನಡೆಯುತ್ತಾರೆ. ಇಂಥ ರಸ್ತೆ ನಿಮ್ಮೂರಿನಲ್ಲೂ ಇರುತ್ತದೆ.

ಮಹಿಳಾ ದಿನ ಹತ್ತಿರ ಬಂದಾಗ ‘ಏನಾದರೂ ಮಾಡಬೇಕು’ ಎಂದು ಕೇಳುವ ಕಾಲೇಜು ತಂಡಗಳಿಗೆ, ಯುವಜನ ಸಂಘಗಳಿಗೆ ನಾನು ಹೇಳುವುದು ಒಂದೇ: ಆ ರಸ್ತೆಯಿಂದ ಶುರುಮಾಡಿ. ‘ಮಹಿಳೆಯರಿಗೆ ಗೌರವ ಕೊಡಿ’ ಎಂದು ಬ್ಯಾನರ್ ಕಟ್ಟಿದರೆ ಎಲ್ಲರೂ ತಲೆದೂಗಿ ಮನೆಗೆ ಹೋಗುತ್ತಾರೆ. ‘ಈ ಹನ್ನೊಂದು ಕಂಬಗಳಿಗೆ ದೀಪ ಹಾಕಿ’ ಎಂದರೆ ಯಾರಾದರೊಬ್ಬರು ಉತ್ತರ ಕೊಡಲೇಬೇಕಾಗುತ್ತದೆ.

ಮೊದಲು ನಡೆದು ನೋಡಿ

ನಾಟಕ ಬರೆಯಲು ಕೂರುವ ಮೊದಲು ನೋಟ್‌ಬುಕ್ ಹಿಡಿದು ಆ ದಾರಿಯಲ್ಲಿ ನಡೆಯಿರಿ. ಸುರಕ್ಷತೆಯನ್ನು ಹೆಂಗಸರೇ ನಡೆದು ಅಳೆಯುವ ಈ ಪದ್ಧತಿಯನ್ನು 1989ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ ರೂಪಿಸಿತು. ದೆಹಲಿಯಲ್ಲಿ ಜಾಗೋರಿ ಸಂಘಟನೆ ಇದನ್ನು ಬಳಸಿ ಬೆಳೆಸಿತು. ಬೇಕಾದದ್ದು ಎಂಟು ಹತ್ತು ಜನ, ಎರಡು ಸಂಜೆ. ಅರ್ಧಕ್ಕಿಂತ ಹೆಚ್ಚು ಹುಡುಗಿಯರಿರಲಿ. ಯಾವ ಕಂಬದಲ್ಲಿ ಬಲ್ಬು ಹೋಗಿದೆ (ಕಂಬದ ಮೇಲೆ ನಂಬರ್ ಇದ್ದರೆ ಅದನ್ನೂ ಬರೆದುಕೊಳ್ಳಿ), ಎಲ್ಲಿ ಪೊದೆ ರಸ್ತೆಗೆ ಚಾಚಿದೆ, ಯಾವ ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕೊನೆಯ ಬಸ್ ಎಷ್ಟಕ್ಕೆ ಎಂಬುದೆಲ್ಲ ದಾಖಲಾಗಬೇಕು.

ಕಾಲೇಜಿನವರನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯರು, ಹೂ ಮಾರುವ ಅಜ್ಜಿ, ಗಾರ್ಮೆಂಟ್ಸ್ ಶಿಫ್ಟ್ ಮುಗಿಸಿ ಬರುವ ಅಕ್ಕಂದಿರು ಆ ರಸ್ತೆಯನ್ನು ನಿಮಗಿಂತ ಚೆನ್ನಾಗಿ ಬಲ್ಲರು. ‘ಯಾವಾಗ ಭಯ ಆಗುತ್ತೆ’ ಎನ್ನುವ ಬದಲು ‘ಇಲ್ಲಿಗೆ ಬಂದಾಗ ಏನು ಮಾಡ್ತೀರಿ’ ಎಂದು ಕೇಳಿ. ಸೆರಗು ಬಿಗಿಮಾಡ್ತೀನಿ, ಕೈಯಲ್ಲಿ ಕೀ ಹಿಡ್ಕೋತೀನಿ, ಸುತ್ತು ದಾರಿ ಹಿಡೀತೀನಿ ಎನ್ನುತ್ತಾರೆ. ನಿಮ್ಮ ನಾಟಕದ ಮೊದಲ ದೃಶ್ಯ ಅಲ್ಲೇ ಸಿಕ್ಕಿತು. ತಂಡದ ಹುಡುಗರು ಈ ಹಂತದಲ್ಲಿ ಮಾತು ಕಡಿಮೆ ಮಾಡಿ ಬರೆದುಕೊಳ್ಳಲಿ.

ಇನ್ನೊಬ್ಬರ ನೋವು ನಮ್ಮ ಕಥೆಯಲ್ಲ

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ತಂಡ ಊರಿನಲ್ಲಿ ನಡೆದ ಒಂದು ಘಟನೆಯನ್ನು ಹೆಸರು ಬದಲಿಸಿ ಆಡಿತ್ತು. ಜನ ಕಣ್ಣೀರು ಹಾಕಿದರು, ನಾವು ಗೆದ್ದೆವೆಂದುಕೊಂಡೆವು. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ನಡುವೆಯೇ ಹೊರಟುಹೋದದ್ದು, ಅದು ಆಕೆಯದೇ ಕಥೆ ಎಂಬುದು ಆಮೇಲೆ ತಿಳಿಯಿತು. ಹೆಸರು ಬದಲಿಸಿದರೂ ಊರಿಗೆ ಗುರುತು ಸಿಕ್ಕಿತ್ತು. ಅಂದಿನಿಂದ ಎಲ್ಲ ತಂಡಗಳಿಗೂ ಹೇಳುತ್ತೇನೆ: ಒಬ್ಬರ ಕಥೆಯನ್ನು ಎತ್ತಿಕೊಳ್ಳಬೇಡಿ, ಹತ್ತು ಜನ ಹೇಳಿದ್ದನ್ನು ಬೆರೆಸಿ ಹೊಸ ಪಾತ್ರ ಕಟ್ಟಿ. ಹಲ್ಲೆಯನ್ನು ಅಭಿನಯಿಸಿ ತೋರಿಸುವುದೂ ಬೇಡ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲಾಗಬಹುದಾದ ಅಪರಾಧ ಎಂಬುದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಲಿ.

ನೋವನ್ನು ಅಭಿನಯಿಸದೆಯೂ ಹೇಳಲು ದಾರಿಗಳಿವೆ. 2003ರಲ್ಲಿ ಬೆಂಗಳೂರಿನ ಕಲಾ ವಿದ್ಯಾರ್ಥಿನಿ ಜಸ್ಮೀನ್ ಪಥೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬಳಗ, ಕಿರುಕುಳಕ್ಕೆ ಒಳಗಾದಾಗ ತಾವು ಧರಿಸಿದ್ದ ಬಟ್ಟೆಯನ್ನು ಕೊಡಿ ಎಂದು ಹೆಂಗಸರನ್ನು ಕೇಳಿತು. ‘ಅವಳು ಏನು ಹಾಕಿಕೊಂಡಿದ್ದಳು’ ಎಂಬ ಹಳೆಯ ಪ್ರಶ್ನೆಗೆ ಆ ಬಟ್ಟೆಗಳೇ ಉತ್ತರವಾಗಿ ನಿಂತವು. ಹೆಂಗಸರು ಉದ್ಯಾನದಲ್ಲಿ ನಿರ್ಭಯವಾಗಿ ಮಲಗಿ ನಿದ್ದೆ ಮಾಡುವ ಕಾರ್ಯಕ್ರಮವನ್ನೂ ಅದೇ ಬಳಗ ನಡೆಸಿತು.

ನಾಟಕ ಕಟ್ಟುವ ಬಗೆ

1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡದ ಜಾಥಾಗಳನ್ನು ನೋಡಿದ ಹಿರಿಯರು ನಿಮ್ಮೂರಿನಲ್ಲೂ ಇರಬಹುದು. ಹುಡುಕಿ, ತಾಲೀಮಿಗೆ ಕರೆಯಿರಿ. ಹದಿನೈದು ಇಪ್ಪತ್ತು ನಿಮಿಷ, ಆರೇಳು ನಟರು, ಒಂದು ತಮಟೆ ಸಾಕು. ಮೈಕ್ ನೆಚ್ಚಬೇಡಿ, ದನಿ ಪಳಗಿಸಿ. ಮಾತು ನಿಮ್ಮೂರ ಸಂತೆಯಲ್ಲಿ ಕೇಳುವಂಥದ್ದಾಗಿರಲಿ. ಗೀಗೀ ಪದದ, ಸೋಬಾನೆಯ ಮಟ್ಟಿಗೆ ನಿಮ್ಮದೇ ಸಾಲು ಕಟ್ಟಿದರೆ ಅಜ್ಜಿಯರೂ ದನಿಗೂಡಿಸುತ್ತಾರೆ. ನಗಿಸಲೆಂದು ಹುಡುಗನಿಗೆ ಸೀರೆ ಉಡಿಸುವುದು ಮಾತ್ರ ಖಂಡಿತ ಬೇಡ.

ನನಗೆ ಎಲ್ಲಕ್ಕಿಂತ ಪರಿಣಾಮಕಾರಿ ಎನಿಸಿರುವುದು ನೋಡುಗರನ್ನೇ ನಟರಾಗಿಸುವ ಬಗೆ. ಬ್ರೆಜಿಲ್‌ನ ಅಗಸ್ಟೊ ಬೋಲ್ ಇದನ್ನು ರೂಪಿಸಿದರು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ‘ಜನ ಸಂಸ್ಕೃತಿ’ ತಂಡ 1980ರ ದಶಕದಿಂದ ಇದನ್ನು ಬಳಸುತ್ತಿದೆ. ಹೀಗೆ ಮಾಡಿ: ಬಸ್ಸಿನಲ್ಲಿ ಒಬ್ಬಾತ ಹುಡುಗಿಗೆ ಮೈತಾಗಿಸುತ್ತ ನಿಂತಿದ್ದಾನೆ. ಆಕೆ ಸರಿಯುತ್ತಾಳೆ, ಅವನೂ ಸರಿಯುತ್ತಾನೆ. ಪಕ್ಕದವರು ಕಿಟಕಿಯಾಚೆ ನೋಡುತ್ತಾರೆ, ಕಂಡಕ್ಟರ್ ಚಿಲ್ಲರೆ ಎಣಿಸುತ್ತಾನೆ. ಹುಡುಗಿ ತನ್ನ ಸ್ಟಾಪಿಗೆ ಮೊದಲೇ ಇಳಿದುಬಿಡುತ್ತಾಳೆ. ದೃಶ್ಯ ಮುಗಿಯಿತು. ಸೂತ್ರಧಾರ ಜನರತ್ತ ತಿರುಗಿ, ‘ಮತ್ತೆ ಆಡ್ತೀವಿ. ಬದಲಾಗಬೇಕು ಅನ್ನಿಸಿದ ಕಡೆ ನಿಲ್ಲಿಸಿ ಅನ್ನಿ, ಬಂದು ನೀವೇ ಆಡಿ’ ಎನ್ನಬೇಕು.

ಮೊದಲಿಗೆ ಯಾರೂ ಬರುವುದಿಲ್ಲ. ಕಾಯಿರಿ. ಬಂದವರು ಹುಡುಗಿಯ ಪಾತ್ರ ವಹಿಸಬಹುದು, ಕಂಡಕ್ಟರೂ ಆಗಬಹುದು. ಆದರೆ ಪೀಡಕನನ್ನು ಒಳ್ಳೆಯವನನ್ನಾಗಿ ಮಾಡಲು ಬಿಡಬೇಡಿ, ನಿಜ ಬಸ್ಸಿನಲ್ಲಿ ಹಾಗಾಗುವುದಿಲ್ಲ. ಹುಡುಗಿ ಕಪಾಳಕ್ಕೆ ಬಾರಿಸಬೇಕೆಂದು ಬಹಳ ಜನ ಹೇಳುತ್ತಾರೆ. ಆಗ ಸೂತ್ರಧಾರ ಕೇಳಲಿ: ‘ಆಮೇಲೆ? ನಾಳೆಯೂ ಇದೇ ಬಸ್ಸಿಗೆ ಬರಬೇಕಲ್ಲ, ಜೊತೆಗೆ ಯಾರಿರುತ್ತೀರಿ?’ ಪಕ್ಕದ ಸೀಟಿನವರ ಪಾತ್ರಕ್ಕೆ ಒಬ್ಬ ನಡುವಯಸ್ಸಿನ ಗಂಡಸು ಎದ್ದು ಬಂದು ‘ಬಾ ತಾಯಿ, ಇಲ್ಲಿ ಕೂತ್ಕೋ’ ಎಂದರೆ ಆ ದಿನದ ಕೆಲಸ ಆದ ಹಾಗೆ.

ಕಾಗದಪತ್ರ

ಆಡುವ ಜಾಗ, ವೇಳೆ, ತಂಡದ ವಿವರ ಬರೆದು ವಾರ ಮೊದಲೇ ಪೊಲೀಸ್ ಠಾಣೆಗೂ ಪಂಚಾಯಿತಿ ಅಥವಾ ಪುರಸಭೆಗೂ ಪತ್ರ ಕೊಡಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಗೋಡೆ ಚಿತ್ರ ಬರೆಯುವುದಾದರೆ ಮಾಲೀಕರ ಜೊತೆಗೆ ಸ್ಥಳೀಯ ಸಂಸ್ಥೆಯ ಅನುಮತಿಯೂ ಲಿಖಿತದಲ್ಲಿರಲಿ. ತೆರೆದ ಸ್ಥಳಗಳ ವಿರೂಪ ತಡೆಗೆಂದೇ ರಾಜ್ಯದಲ್ಲಿ 1981ರ ಕಾಯ್ದೆಯಿದೆ. ಖರ್ಚಿಗೆ ರಾಜಕಾರಣಿಗಳ ಹತ್ತಿರ ಹೋಗಬೇಡಿ. ಶಾಲು ಹೊದಿಸುವುದರಲ್ಲೇ ನಿಮ್ಮ ಇಪ್ಪತ್ತು ನಿಮಿಷ ಕಳೆದುಹೋಗುತ್ತದೆ.

ಆಡುವ ದಿನ

ಸಂತೆಯ ದಿನ ಸಂಜೆ ನಾಲ್ಕೂವರೆ ಒಳ್ಳೆಯ ಹೊತ್ತು. ಹೆಂಗಸರು ನಿಂತು ನೋಡಿ, ಬೆಳಕಿರುವಾಗಲೇ ಮನೆ ಸೇರಬಹುದು. ನಟಿಸದ ಇಬ್ಬರು ಗುಂಪಿನ ಅಂಚಿನಲ್ಲಿ ನಿಲ್ಲಲಿ. ನೋಡುಗರ ಮುಖ ಕಾಣುವಂತೆ ವಿಡಿಯೊ ಮಾಡಬೇಡಿ. ನಾಟಕ ಮುಗಿದ ಮೇಲೆ ಯಾರಾದರೂ ಹತ್ತಿರ ಬಂದು ಮೆಲ್ಲಗೆ ಏನೋ ಹೇಳಲು ಶುರುಮಾಡಬಹುದು. ಅವರ ಮಾತು ಕೇಳಲೆಂದೇ ತಂಡದ ಹಿರಿಯ ಹೆಣ್ಣುಮಗಳೊಬ್ಬರು ಬಿಡುವಾಗಿರಲಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112: ಈ ಮೂರೂ ಅವರಿಗೆ ಬಾಯಿಪಾಠವಾಗಿರಬೇಕು.

ಗಲಾಟೆಯಾದರೆ ನಿಲ್ಲಿಸಿ, ಎಲ್ಲರನ್ನೂ ಕರೆದುಕೊಂಡು ಹೊರಡಿ. ಅದು ಸೋಲಲ್ಲ. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದ್‌ನಲ್ಲಿ ಬೀದಿ ನಾಟಕ ಆಡುತ್ತಿದ್ದ ಜನ ನಾಟ್ಯ ಮಂಚ್ ತಂಡದ ಮೇಲೆ ದಾಳಿಯಾಗಿ, ತಂಡದ ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. 4ರಂದು ಅವರ ಮಡದಿ ಮೊಲೊಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿದರು. ನಾಟಕಕ್ಕೆ ಇನ್ನೊಂದು ದಿನ ಇರುತ್ತದೆ, ಮೊದಲು ಜೀವ ಉಳಿಯಬೇಕು.

ಚಪ್ಪಾಳೆಯ ನಂತರ

ಬಹುಪಾಲು ತಂಡಗಳು ಕೈಬಿಡುವುದು ಇಲ್ಲೇ. ನಾಟಕ ಮುಗಿದ ಸ್ಥಳದಲ್ಲೇ ಮೇಜು ಹಾಕಿ ಮನವಿಗೆ ಸಹಿ, ಹೆಬ್ಬೆಟ್ಟು ಪಡೆಯಿರಿ. ಕಂಬಗಳ ಪಟ್ಟಿ, ನೀವೇ ಬರೆದ ನಕ್ಷೆ ಲಗತ್ತಿಸಿ ಪಿಡಿಒ ಅಥವಾ ಮುಖ್ಯಾಧಿಕಾರಿಗೆ ಕೊಡಿ. ಬಸ್ಸಿನ ವೇಳೆಯ ವಿಷಯ ಡಿಪೋ ಮ್ಯಾನೇಜರಿಗೆ ಪ್ರತ್ಯೇಕವಾಗಿ ಹೋಗಲಿ. ಹಳ್ಳಿಯಾದರೆ ಮಹಿಳಾ ಗ್ರಾಮಸಭೆಯಲ್ಲಿ ಇದನ್ನೆತ್ತಿ, ನಡಾವಳಿಯಲ್ಲಿ ಬರೆಸಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು.

ಆ 30 ದಿನ ಸುಮ್ಮನಿರಬೇಡಿ. ಪ್ರತಿ ಶನಿವಾರ ಆ ಕಂಬಗಳ ಬುಡದಲ್ಲಿ ಒಂದೊಂದು ರಂಗೋಲಿ ಹಾಕಿ, ಪಕ್ಕದಲ್ಲಿ ಮನವಿ ಕೊಟ್ಟ ದಿನಾಂಕ ಬರೆಯಿರಿ. ದೀಪ ಹತ್ತಿದ ಸಂಜೆ ಅದೇ ಹೂ ಮಾರುವ ಅಜ್ಜಿಯನ್ನು, ಅದೇ ಅಕ್ಕಂದಿರನ್ನು ಕರೆದು ಜೊತೆಯಾಗಿ ಆ ದಾರಿಯಲ್ಲಿ ನಡೆಯಿರಿ. ನೋಟ್‌ಬುಕ್ ಕೈಯಲ್ಲಿರಲಿ. ಮುಂದಿನದು ಬಸ್ ಸ್ಟ್ಯಾಂಡಿನ ಬೀಗ ಹಾಕಿದ ಹೆಂಗಸರ ಶೌಚಾಲಯ ಎಂದು ಅವರಲ್ಲೇ ಯಾರಾದರೂ ಹೇಳುತ್ತಾರೆ, ಬರೆದುಕೊಳ್ಳಿ.