ರಕ್ತ ತೆಗೆದ ಮೇಲಿನ ತಾಸುಗಳು

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮಪ್ಪಗ ಭಾಳ ವರ್ಷದಿಂದ ಶುಗರ್ ಅದ. ಮುಂಜಾನಿ ಏಳಕ್ಕ ಮನೀಗೇ ಬಂದು ರಕ್ತ ತಗೊಂಡು ಹೋದ್ರು. ಮಧ್ಯಾಹ್ನ ಪರೀಕ್ಷಾ ಮಾಡ್ಯಾರ, 82 ಬಂದದ. ಮುಂಜಾನಿ ರಕ್ತ ತಗೊಂಡ ಹೊತ್ತಿಗೇ ಮನ್ಯಾಗಿನ ಮಿಷನ್‌ನ್ಯಾಗ 118 ಇತ್ತು. ಅಪ್ಪ ಗುಳಿಗಿ ಬಿಡ್ತೀನಿ ಅಂತಾರ. ಯಾವುದು ಖರೆ?
– ಓದುಗರು, ಸೈದಾಪುರ

ಉತ್ತರ: ಗುಳಿಗೆ ಬಿಡುವುದು ಬೇಡ. ಮನೆಯ ಮಿಷನ್ ಅಷ್ಟಿಷ್ಟು ಹೆಚ್ಚುಕಡಿಮೆ ತೋರಿಸುತ್ತದೆ, ನಿಜ. ಆದರೆ ನೀವು ಬರೆದಿರುವ ವೇಳೆ ನೋಡಿದರೆ ನನ್ನ ಅನುಮಾನ 82ರ ಮೇಲೆಯೇ.

ಮೈಯಿಂದ ಹೊರಬಂದು ನಳಿಕೆ ಸೇರಿದ ಮೇಲೂ ರಕ್ತಕಣಗಳು ಜೀವಂತವಾಗಿರುತ್ತವೆ, ಸುತ್ತಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತಲೇ ಇರುತ್ತವೆ. ಸಾಧಾರಣ ಕೋಣೆಯಲ್ಲೇ ತಾಸಿಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ. ಈ ಲೆಕ್ಕದಲ್ಲಿ 118 ಇದ್ದದ್ದು ಐದು ತಾಸಿನಲ್ಲಿ 80ರ ಆಸುಪಾಸಿಗೆ ಬರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗಿರುವ ನಳಿಕೆಯಲ್ಲಿ ಸಕ್ಕರೆ ಇನ್ನೂ ಬೇಗ ಕರಗುತ್ತದೆ.

ಮುಂದಿನ ಸಲ ರಕ್ತ ತೆಗೆಯಲು ಬಂದವರ ಕೈಯಲ್ಲಿನ ಮುಚ್ಚಳದ ಬಣ್ಣ ನೋಡಿ. ಸಕ್ಕರೆಗೆ ಬೂದು ಬಣ್ಣದ ಮುಚ್ಚಳದ ನಳಿಕೆ ಬೇಕು. ಅದರಲ್ಲಿರುವ ಸೋಡಿಯಂ ಫ್ಲೋರೈಡ್ ಸಕ್ಕರೆ ಖರ್ಚಾಗುವುದನ್ನು ತಡೆಯುತ್ತದೆ. ಆದರೆ ಅದು ಪೂರ್ತಿ ಹಿಡಿತ ಸಾಧಿಸಲು ಒಂದೆರಡು ತಾಸು ಹಿಡಿಯುತ್ತದೆ. ಹಾಗಾಗಿ ನಳಿಕೆಯನ್ನು ಕೂಡಲೇ ತಣ್ಣಗಿಟ್ಟು, ಬೇಗ ಒಯ್ದು, ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕು. ತಣ್ಣಗಿರಲಿ ಎಂದು ಹಸಿ ರಕ್ತವನ್ನು ಫ್ರೀಜರಿಗೆ ಹಾಕಬಾರದು; ಕಣಗಳು ಒಡೆದು ಪೊಟ್ಯಾಸಿಯಂ ಹೊರಬಂದು ಬೇರೆ ಪರೀಕ್ಷೆಗಳೂ ಕೆಡುತ್ತವೆ. ನೇರಳೆ ಮುಚ್ಚಳದ ನಳಿಕೆಯಲ್ಲಿ ಮಾಡುವ ಮೂರು ತಿಂಗಳ ಸರಾಸರಿ ಪರೀಕ್ಷೆಗೆ ಈ ತೊಂದರೆ ಇಲ್ಲ. ಅದನ್ನೊಮ್ಮೆ ಮಾಡಿಸಿ, ವರದಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಸಂಶೋಧನೆಗೆಂದು ನಮ್ಮೂರಲ್ಲಿ ರಕ್ತ, ಮೂತ್ರ ಸಂಗ್ರಹಿಸಿದರು. ಪೆಟ್ಟಿಗೆ ತೆಗೆದರೆ ಬಿಳಿ ಹೊಗೆ ಬರುತ್ತಿತ್ತು. ವರ್ಷಗಟ್ಟಲೆ ಇಡುತ್ತಾರಂತೆ. ಭಯಪಡಬೇಕೇ?
– ಕಾಲೇಜು ವಿದ್ಯಾರ್ಥಿನಿ, ಯಾದಗಿರಿ ಜಿಲ್ಲೆ

ಉತ್ತರ: ಹೊಗೆಯಾಡುವುದು ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಅದರ ತಂಪು ಮೈನಸ್ 78 ಡಿಗ್ರಿ. ನಿಮ್ಮೂರಿನದು ಬಹುಶಃ ಮೆಟಬಾಲೊಮಿಕ್ಸ್ ಎಂಬ ಸಂಶೋಧನೆ; ಅದರಲ್ಲಿ ರಕ್ತದಲ್ಲಿನ ಸಕ್ಕರೆ, ಅಮೈನೋ ಆಮ್ಲ, ಕೊಬ್ಬಿನಂಥ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುತ್ತಾರೆ. ಒಂದು ಕಪ್ ಚಹಾ, ಒಂದು ಚಿಟಿಕೆ ತಂಬಾಕು ಕೂಡ ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದು ಅದಕ್ಕೇ. ಮೂತ್ರವನ್ನು ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು, ನಿಮ್ಮ ಮೈಯದಲ್ಲದ ಅಣುಗಳನ್ನು ಅದಕ್ಕೆ ಸೇರಿಸುತ್ತವೆ. ಸಂಗ್ರಹವನ್ನು ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಬೇಕಾದಾಗ ಒಂದನ್ನು ಮಾತ್ರ ಕರಗಿಸುತ್ತಾರೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅಣುಗಳು ಬದಲಾಗುತ್ತವೆ.

ಭಯ ಬೇಡ, ಆದರೆ ಕೇಳುವುದನ್ನು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು, ಮನಸ್ಸು ಬದಲಾದರೆ ಹಿಂದೆ ಸರಿಯುವ ಹಕ್ಕೂ ನಿಮಗಿದೆ. ಒಪ್ಪಿಗೆ ಪತ್ರದ ಪ್ರತಿ ಮನೆಯಲ್ಲಿರಲಿ.

ಪ್ರಶ್ನೆ: ನನ್ನ ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದೇವೆ. ಮೊದಲ ಕೂಸು ಹುಟ್ಟಿದಾಗ ಚೆನ್ನಾಗಿತ್ತು, ನಾಲ್ಕನೇ ದಿನ ಹಾಲು ಬಿಟ್ಟು, ಮಂಕಾಗಿ ತೀರಿಕೊಂಡಿತು. ಈಗ ಮತ್ತೆ ಗರ್ಭಿಣಿ. ಹುಟ್ಟಿದ ಕೂಸಿನ ಹಿಮ್ಮಡಿಯ ರಕ್ತವನ್ನು ಕಾಗದದ ಮೇಲೆ ಹಾಕಿ ಕಳಿಸೋಣ ಎನ್ನುತ್ತಾರೆ. ಈ ಬಿಸಿಲಲ್ಲಿ ಅದು ಕೆಡುವುದಿಲ್ಲವೇ?
– ಓದುಗರು, ಸೈದಾಪುರ ಹತ್ತಿರದ ಹಳ್ಳಿ

ಉತ್ತರ: ತಾಯಿ, ನಿಮ್ಮ ಪತ್ರ ಓದಿ ಸಂಕಟವಾಯಿತು. ಚೆನ್ನಾಗಿ ಹುಟ್ಟಿದ ಕೂಸು ಹಾಲು ಶುರುವಾದ ಕೆಲವೇ ದಿನಕ್ಕೆ ಮಂಕಾದರೆ, ಅದರಲ್ಲೂ ರಕ್ತಸಂಬಂಧದ ಮದುವೆಯಾಗಿದ್ದರೆ, ನಂಜಿನ ಜೊತೆಗೆ ಹುಟ್ಟಿನಿಂದ ಬರುವ ಚಯಾಪಚಯ ದೋಷವನ್ನೂ ಯೋಚಿಸಲೇಬೇಕು.

ಇಂಥ ದೋಷಗಳ ಹುಡುಕಾಟ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರಲ್ಲೇ ಬೆಂಗಳೂರಿನಲ್ಲಿ ನವಜಾತ ಶಿಶುಗಳ ತಪಾಸಣೆ ಶುರುವಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್, ಡಾ. ರಾಧಾ ರಮಾದೇವಿ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿದ ಕರ್ನಾಟಕದ 1,12,269 ಶಿಶುಗಳ ಲೆಕ್ಕವಿದೆ. ಇಷ್ಟು ವರ್ಷಗಳ ಮೇಲೂ ಈ ಪರೀಕ್ಷೆ ಪ್ರತಿ ತಾಲೂಕಿನ ಪ್ರತಿ ಕೂಸಿಗೆ ಸಿಗುತ್ತಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಕಾಗದದ ಕಾರ್ಡನ್ನು ವಿಜ್ಞಾನಿ ರಾಬರ್ಟ್ ಗಥ್ರಿ 1963ರಲ್ಲಿ ಬಳಕೆಗೆ ತಂದದ್ದೇ ಅಂಚೆಯಲ್ಲಿ ಕಳಿಸಲು ಬರುವಂತೆ. ಒಣಗಿದ ಮೇಲೆ ಕೆಲವು ದಿನದ ಪ್ರಯಾಣವನ್ನು ಅದು ತಾಳುತ್ತದೆ. ಕೆಡುವುದು ಹೆಚ್ಚಾಗಿ ಒಣಗಿಸುವಾಗ. ಹುಟ್ಟಿ 24 ತಾಸು ಕಳೆದ ಮೇಲೆ, 72 ತಾಸಿನೊಳಗೆ, ಹಿಮ್ಮಡಿಯ ನಡುವೆ ಅಲ್ಲ, ಬದಿಗೆ ಚುಚ್ಚಬೇಕು. ಮೊದಲ ಹನಿ ಒರೆಸಿ, ಮುಂದಿನ ದೊಡ್ಡ ಹನಿಯಿಂದ ವೃತ್ತವನ್ನು ಒಂದೇ ಬದಿಯಿಂದ ಒಂದೇ ಸಲಕ್ಕೆ ತುಂಬಬೇಕು. ಹಿಮ್ಮಡಿ ಹಿಂಡಬಾರದು, ಹನಿಯ ಮೇಲೆ ಹನಿ ಹಾಕಬಾರದು. ಹಪ್ಪಳದಂತೆ ಬಿಸಿಲಿಗೆ ಹರವಬಾರದು. ನೆರಳಲ್ಲಿ, ಅಡ್ಡಲಾಗಿ, ಮೂರು ನಾಲ್ಕು ತಾಸು ತಾನಾಗಿಯೇ ಒಣಗಲಿ. ಆಮೇಲೆ ತೇವ ಹೀರುವ ಪುಡಿಯ ಪೊಟ್ಟಣದೊಡನೆ ಚೀಲಕ್ಕೆ ಹಾಕಿ ಅಂದೇ ಕಳಿಸಲಿ. ಸೆಖೆ ಮತ್ತು ತೇವಕ್ಕೆ ಕೆಲವು ಕಿಣ್ವಗಳು ಮಾತ್ರ ಬೇಗ ಸೋಲುತ್ತವೆ. ಹಾಗಾಗಿ ಕಿಣ್ವವನ್ನು ಅಳೆಯುವ ಗ್ಯಾಲಕ್ಟೊಸೀಮಿಯಾದಂಥ ಪರೀಕ್ಷೆಯಲ್ಲಿ ದೋಷ ಎಂದು ಬಂದರೆ ಎದೆಗುಂದದೆ ಕೂಡಲೇ ಮರುಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಮೊದಲ ಕೂಸನ್ನು ತೋರಿಸಿದ ಆಸ್ಪತ್ರೆಯಲ್ಲಿ ಅದರ ರಕ್ತದ ಕಾರ್ಡೋ, ಫ್ರೀಜರಿನಲ್ಲಿಟ್ಟ ನಳಿಕೆಯೋ ಉಳಿದಿದೆಯೇ ವಿಚಾರಿಸಿ. ಒಣಗಿದ ಆ ಕಲೆಯಿಂದ ವರ್ಷಗಳ ನಂತರವೂ ಡಿಎನ್‌ಎ ತೆಗೆಯಬಹುದು. ಕಾರಣ ತಿಳಿದರೆ ಈ ಬಸಿರಿನಲ್ಲೇ ಸಲಹೆ ಸಿಗುತ್ತದೆ. ಯಾರ ಮೇಲೂ ತಪ್ಪು ಹೊರಿಸಬೇಡಿ, ತಂಗಿಯ ಮೇಲಂತೂ ಬೇಡವೇ ಬೇಡ.

ಹೆರಿಗೆ ಶಿಶು ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಕೂಸು ಹಾಲು ಬಿಟ್ಟರೆ, ವಾಂತಿಯಾದರೆ, ಮಂಪರಾದರೆ ಕಾರ್ಡಿನ ಉತ್ತರಕ್ಕೆ ಕಾಯಬೇಡಿ. ಆಗ ಬೇಕಾಗುವುದು ಅಮೋನಿಯಾ ಪರೀಕ್ಷೆ. ಆ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ನಿಮಿಷಗಳ ಲೆಕ್ಕದಲ್ಲಿ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು; ತಡವಾದರೆ ನಳಿಕೆಯಲ್ಲೇ ಅಮೋನಿಯಾ ಏರಿ ತಪ್ಪು ಉತ್ತರ ಬರುತ್ತದೆ. ಸೈದಾಪುರದಿಂದ ಆ ರಕ್ತವನ್ನು ಕಳಿಸಬೇಡಿ, ಕೂಸನ್ನೇ ಕರೆದೊಯ್ಯಿರಿ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ, ಮೊದಲ ಕೂಸು ಹೇಗೆ ತೀರಿಕೊಂಡಿತೆಂಬುದನ್ನು ಮೊದಲ ಮಾತಿನಲ್ಲೇ ಹೇಳಿ.